ಎಂಟು ಗಜದ ಭಾರ

ಸ್ಕಾಟ್ಲೆಂಡಿನಲ್ಲಿ ಕಿಲ್ಟ್ ಹೊಲಿಸಲು ಹೋದವರು ಸಾಮಾನ್ಯವಾಗಿ ಬಣ್ಣದಿಂದ ಮಾತು ಶುರು ಮಾಡುತ್ತಾರೆ. ತಮ್ಮ ಮನೆತನದ ಟಾರ್ಟನ್ ಚೌಕಳಿ ಯಾವುದು, ಅದರ ಹಸಿರು ಗಾಢವಾಗಿರಬೇಕೋ ತಿಳಿಯಾಗಿರಬೇಕೋ, ನಡುವಿನ ಕೆಂಪು ಗೆರೆ ಎದ್ದು ಕಾಣುತ್ತದೆಯೋ ಇಲ್ಲವೋ ಎಂದೆಲ್ಲ ವಿಚಾರಿಸುತ್ತಾರೆ. ಕಸುಬು ಬಲ್ಲ ಹೊಲಿಗೆಯಾಕೆ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಳ್ಳುತ್ತಾಳೆ. ಆದರೆ ಅವಳಿಗೆ ಬೇಕಾದ ಉತ್ತರವೇ ಬೇರೆ: ಇದನ್ನು ಉಟ್ಟುಕೊಂಡು ಏನು ಮಾಡುವವರಿದ್ದೀರಿ? ಕುಣಿಯುವುದೇ, ಮಳೆಯಲ್ಲಿ ನಿಂತು ಬ್ಯಾಗ್‌ಪೈಪ್ ಊದುವುದೇ, ವರ್ಷಕ್ಕೊಂದು ಮದುವೆಗೆ ಹೋಗಿಬರುವುದೇ? ಅದು ತಿಳಿಯುವವರೆಗೆ ಆಕೆ ಕತ್ತರಿಗೆ ಕೈ ಹಾಕುವುದಿಲ್ಲ.

ಚಿತ್ರದಲ್ಲಿ ನೋಡಿ, ಗಂಡಸರು ಲಂಗ ಉಡುತ್ತಾರೆಂದು ನಕ್ಕವರು ನಮ್ಮಲ್ಲಿ ಬಹಳ ಮಂದಿ. ಆ ‘ಲಂಗ’ಕ್ಕೆ ಹಿಡಿಯುವ ಬಟ್ಟೆ 8 ಗಜ ಎಂದರೆ ನಗು ತುಸು ಕಡಿಮೆಯಾದೀತು. ನಮ್ಮ ಆರು ಗಜದ ಸೀರೆಗಿಂತ ಎರಡು ಗಜ ಹೆಚ್ಚೇ. ಅಷ್ಟುದ್ದದ ಉಣ್ಣೆಯ ಬಟ್ಟೆ ಒಬ್ಬನ ಸೊಂಟದ ಸುತ್ತ ಕೂರಬೇಕಾದರೆ ಹಿಂಬದಿಯಲ್ಲಿ ಇಪ್ಪತ್ತೈದು ಮೂವತ್ತು ನಿರಿಗೆಗಳು ಒಂದರ ಮೇಲೊಂದು ಒತ್ತಾಗಿ ಬರಬೇಕು. ಮುಂಭಾಗ ಮಾತ್ರ ಸಪಾಟು. ನಿರಿಗೆಗಳನ್ನು ಸೊಂಟದಿಂದ ಪೃಷ್ಠದವರೆಗೆ ಕೈಯಿಂದಲೇ ಹೊಲಿದು ಬಿಗಿಯುತ್ತಾರೆ. ಅದರ ಕೆಳಗೆ ಅವು ಸ್ವತಂತ್ರ. ಒಂದು ಕಿಲ್ಟ್ ಕೈಹೊಲಿಗೆಯಲ್ಲಿ ಮುಗಿಯಲು 20 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೇಕು.

ಇಷ್ಟು ಶ್ರಮವೂ ಸಾರ್ಥಕವಾಗುವುದು ಬಿಡಾಡಿಯಾದ ಆ ಕೆಳಭಾಗದಲ್ಲಿ. ನಡೆಯುವಾಗ ನಿರಿಗೆ ಬೀಸಿಕೊಂಡು ಅರಳಬೇಕು, ನಿಂತ ಕೂಡಲೇ ತನ್ನ ಜಾಗಕ್ಕೆ ಮರಳಬೇಕು. ಹೊಲಿಗೆ ಮುಟ್ಟದ ಜಾಗದಲ್ಲಿ ಈ ಕೆಲಸ ಮಾಡುವುದು ಬಟ್ಟೆಯ ತೂಕವೊಂದೇ. ಸೀರೆಗೆ ಫಾಲ್ ಹಚ್ಚಿಸುವ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಳುವಾದ ಸೀರೆಯ ನಿರಿಗೆ ಗಾಳಿಗೆ ಹಾರದೆ ಕಾಲ ಬಳಿ ನೆಟ್ಟಗೆ ನಿಲ್ಲಲಿ ಎಂದೇ ಅವರು ಅಂಚಿಗೆ ಒಂದಿಷ್ಟು ಭಾರ ಕೊಡುತ್ತಾರೆ. ಕಿಲ್ಟಿಗೆ ಫಾಲ್ ಹಚ್ಚುವ ಪದ್ಧತಿಯಿಲ್ಲ. ಭಾರವೆಲ್ಲ ನೂಲಿನಲ್ಲೇ ಬಂದಿರಬೇಕು. ತೆಳ್ಳನೆಯ ಬಟ್ಟೆಯನ್ನು ಎಂಥ ನುರಿತ ಕೈ ಹೊಲಿದರೂ ಅದರ ನಿರಿಗೆ ಬೀಳುವುದಿಲ್ಲ, ತೂಗಾಡುತ್ತದೆ.

ಈ ತೂಕವನ್ನು ಹೇಳುವ ರೀತಿಯೇ ಹೊಸಬರನ್ನು ದಾರಿ ತಪ್ಪಿಸುತ್ತದೆ. ಕಿಲ್ಟ್ ಬಟ್ಟೆಯನ್ನು ಔನ್ಸ್ ಲೆಕ್ಕದಲ್ಲಿ ಮಾರುತ್ತಾರೆ: 10 ಔನ್ಸ್, 11, 13, 16 ಎಂದು. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. 16 ಔನ್ಸ್ ಎಂದರೆ ಗಿರಣಿಯಿಂದ ಬಂದ 54ರಿಂದ 60 ಅಂಗುಲ ಅಗಲದ ಬಟ್ಟೆಯ ಒಂದು ಗಜ ಉದ್ದದ ತೂಕ. ಅದೇ ಜೀನ್ಸ್ ಬಟ್ಟೆಯ ಔನ್ಸ್ ಲೆಕ್ಕ ಚದರ ಗಜಕ್ಕೆ. ಹೀಗಾಗಿ ಕಿಲ್ಟಿನ 16 ಔನ್ಸ್ ಬಟ್ಟೆಯನ್ನು ಚದರ ಗಜಕ್ಕೆ ಇಳಿಸಿದರೆ ಸುಮಾರು 10 ಔನ್ಸ್ ಆಗುತ್ತದೆ. ‘ನನ್ನ ಜೀನ್ಸೇ 13 ಔನ್ಸ್, ಕಿಲ್ಟಿಗೆ 16 ಅಂದರೆ ಗೋಣಿಚೀಲದ ಹಾಗಿರಬೇಕು’ ಎಂದು ಹೆದರುವ ಹುಡುಗನಿಗೆ ಅಂಗಡಿಯವರು ಈ ಗಣಿತ ಹೇಳಿಕೊಡುವುದು ಕಡಿಮೆ. ಇನ್ನು, ಅಷ್ಟಗಲದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿ ಜೋಡಿಸುವುದರಿಂದ 8 ಗಜದ ಕಿಲ್ಟಿಗೆ ನಾಲ್ಕೇ ಗಜ ಕೊಂಡರೆ ಸಾಕು. 16 ಔನ್ಸಿನ ನಾಲ್ಕು ಗಜ ಎಂದರೆ ನಾಲ್ಕು ಪೌಂಡು, ಅಂದರೆ 1.8 ಕಿಲೋ. 10 ಔನ್ಸಿನದಾದರೆ 1.1 ಕಿಲೋ ಆಸುಪಾಸು. ಸೊಂಟಕ್ಕೆ ತಿಳಿಯುವ ವ್ಯತ್ಯಾಸ ಈ ಮುಕ್ಕಾಲು ಕಿಲೋದಷ್ಟೆ. ಕಣ್ಣಿಗೆ ಕಾಣುವ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

ಮೊದಲು ಈ ಬಟ್ಟೆಯ ಭಾರಕ್ಕೆ ಬೇರೆಯೇ ಕಾರಣವಿತ್ತು. ಹೈಲ್ಯಾಂಡ್ ಬೆಟ್ಟಗಳ ಜನ ಹಿಂದೆ ಉಡುತ್ತಿದ್ದುದು ಹೊಲಿಗೆಯಿಲ್ಲದ ಉದ್ದನೆಯ ಉಣ್ಣೆಯ ಬಟ್ಟೆ. ಹಗಲು ಅದನ್ನು ನಿರಿಗೆ ಹಿಡಿದು ಬೆಲ್ಟಿನಿಂದ ಬಿಗಿಯುತ್ತಿದ್ದರು, ಮಳೆ ಬಂದರೆ ಹೊದೆಯುತ್ತಿದ್ದರು, ರಾತ್ರಿ ಅದರಲ್ಲೇ ಮಲಗುತ್ತಿದ್ದರು. ನಮ್ಮ ಕುರಿಗಾಹಿಗಳು ಕಂಬಳಿಯನ್ನೇ ಕೊಪ್ಪೆ ಮಾಡಿ, ಅದನ್ನೇ ಹಾಸಿ ಹೊದೆಯುವ ಹಾಗೆ. ಸೊಂಟದ ಕೆಳಗಿನ ಭಾಗ ಮಾತ್ರ ಪ್ರತ್ಯೇಕ ಉಡುಪಾಗಿದ್ದು 18ನೆಯ ಶತಮಾನದಲ್ಲಿ. 1746ರ ಕಾಯಿದೆ ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ತೆರವಾದದ್ದು 1782ರಲ್ಲಿ. ಈ ನಡುವೆ ಟಾರ್ಟನ್ ಬಟ್ಟೆಯ ದೊಡ್ಡ ಗಿರಾಕಿ ಸೈನ್ಯವೇ ಆಯಿತು. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನದ ನೇಕಾರರು ಸಿಪಾಯಿಗಳಿಗೆ ಒರಟು ಬಟ್ಟೆಯನ್ನೂ ಅಧಿಕಾರಿಗಳಿಗೆ ನಯವಾದದ್ದನ್ನೂ ನೇಯ್ದು ಕೊಡುತ್ತಿದ್ದರು.

ಸೈನ್ಯದ ಕಿಲ್ಟ್ ಬಟ್ಟೆ ಇಂದಿಗೂ ಎಲ್ಲಕ್ಕಿಂತ ಭಾರದ್ದು, 18 ಔನ್ಸಿನಿಂದ ಮೇಲೆ. ಮೆರವಣಿಗೆಯಲ್ಲಿ ಅದರ ಗತ್ತೇ ಗತ್ತು. ಆದರೆ 1914ರ ಮಹಾಯುದ್ಧದ ಕಂದಕಗಳಲ್ಲಿ ಅದೇ ಬಟ್ಟೆ ನೀರು ಕುಡಿದು, ಕೆಸರು ಮೆತ್ತಿ ಸಿಪಾಯಿಗಳ ಪ್ರಾಣ ತಿಂದಿತು. ಚಳಿಗೆ ಹೆಪ್ಪುಗಟ್ಟಿದ ಅಂಚು ಮೊಣಕಾಲ ಹಿಂಬದಿಯನ್ನು ಕೊಯ್ಯುತ್ತಿತ್ತು. ನಿರಿಗೆಗಳ ಸಂದು ಹೇನುಗಳಿಗೆ ಮನೆಯಾಗಿತ್ತು. ಭಾರವಾದದ್ದೆಲ್ಲ ಒಳ್ಳೆಯದೆಂದು ವಾದಿಸುವವರು ಈ ಪುಟವನ್ನೂ ಓದಬೇಕು.

ತೂಕ ಗೊತ್ತಾಯಿತು, ಗುಣ ಹೇಗೆ ತಿಳಿಯುವುದು? ಕಿಲ್ಟಿಗೆ ಬಳಸುವುದು ವರ್ಸ್ಟೆಡ್ ಉಣ್ಣೆ. ಉದ್ದನೆಯ ಎಳೆಗಳನ್ನೇ ಆರಿಸಿ, ಬಾಚಿ, ಒಂದಕ್ಕೊಂದು ಸಮಾನಾಂತರವಾಗಿ ಕೂರಿಸಿ ನೂತ ನೂಲು ಅದು. ಸ್ವೆಟರಿನ ಉಣ್ಣೆಯಂತೆ ಜುಂಗು ಏಳುವುದಿಲ್ಲ. ಮಡಿಕೆ ಚೂಪಾಗಿ ನಿಲ್ಲುತ್ತದೆ. ಉಣ್ಣೆಗೆ ತೇವ ಮತ್ತು ಬಿಸಿ ಒಟ್ಟಿಗೆ ತಾಗಿದಾಗ ಅದರ ಒಳಗಿನ ಕೆಲವು ಕಟ್ಟುಗಳು ಸಡಿಲಾಗಿ, ಆರುವಾಗ ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡುವುದರ ಗುಟ್ಟು ಇದೇ. ನೇಯ್ಗೆ ಓರೆಗೆರೆ ಕಾಣುವ ಟ್ವಿಲ್ ಆಗಿರಬೇಕು, ಬಿಗಿಯಾಗಿರಬೇಕು. ಒಂದೇ ತೂಕದ ಎರಡು ಬಟ್ಟೆಗಳಲ್ಲಿ ಸಡಿಲ ನೇಯ್ಗೆಯದು ಕೈಗೆ ಮೃದುವಾಗಿ ಹಿತವೆನಿಸುತ್ತದೆ. ಮೋಸ ಹೋಗುವುದು ಅಲ್ಲಿಯೇ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಪುಟಿದು ಬಿಚ್ಚಿಕೊಳ್ಳುವುದು ಒಳ್ಳೆಯ ಬಟ್ಟೆ. ಮುದುಡಿಕೊಂಡೇ ಉಳಿದರೆ ಬೇಡ.

ಇನ್ನೊಂದು ಪರೀಕ್ಷೆ ಮಕ್ಕಳಿಗೂ ಮಾಡಲು ಬರುತ್ತದೆ. ಬಟ್ಟೆಯ ಮೂಲೆಯನ್ನು ಓರೆಯಾಗಿ ಮಡಚಿ ನೋಡಬೇಕು. ಹಾಸಿನ ಗೆರೆಗಳೂ ಹೊಕ್ಕಿನ ಗೆರೆಗಳೂ ಒಂದರ ಮೇಲೊಂದು ಸರಿಯಾಗಿ ಕೂತರೆ ಚೌಕ ನಿಜವಾದ ಚೌಕ. ಕೂರದಿದ್ದರೆ ಮಗ್ಗದ ಬಡಿತ ಹದವಾಗಿಲ್ಲವೆಂದೇ ಅರ್ಥ. ಹಾಗೆಯೇ ಅಂಚನ್ನು ನೋಡಬೇಕು. ಕಿಲ್ಟಿನ ಕೆಳಗಡೆ ಮಡಿಸಿ ಹೊಲಿಯುವುದಿಲ್ಲ. ಮಗ್ಗದಲ್ಲಿ ಬಂದ ಅಂಚೇ ಕಿಲ್ಟಿನ ಅಂಚು. ಅದು ಸೊಟ್ಟಗಿದ್ದರೆ ಮುಚ್ಚಿಡಲು ಉಪಾಯವಿಲ್ಲ. ಮತ್ತೊಂದು ಎಚ್ಚರಿಕೆ: ಭಾರದ ಬಟ್ಟೆಯ ನೂಲು ದಪ್ಪ, ಆದ್ದರಿಂದ ಅದೇ ಟಾರ್ಟನ್ನಿನ ಚೌಕ 11 ಔನ್ಸಿನಲ್ಲಿ ಚಿಕ್ಕದಾಗಿಯೂ 16ರಲ್ಲಿ ದೊಡ್ಡದಾಗಿಯೂ ಬರುತ್ತದೆ. ಅಪ್ಪನಿಗೊಂದು ತೂಕ, ಮಗನಿಗೊಂದು ತೂಕ ಕೊಂಡು ಇಬ್ಬರೂ ಒಂದೇ ಥರ ಕಾಣಬೇಕೆಂದರೆ ಆಗದ ಮಾತು.

ಹಾಗಾದರೆ ಯಾರಿಗೆ ಯಾವುದು? ಪೈಪ್ ಬ್ಯಾಂಡಿನವರಿಗೆ 16 ಔನ್ಸ್. ಆಗಸ್ಟಿನಲ್ಲಿ ಗ್ಲಾಸ್ಗೋದ ಮೈದಾನದಲ್ಲಿ ನಡೆಯುವ ವಿಶ್ವ ಸ್ಪರ್ಧೆಯ ದಿನ ಗಾಳಿ, ಮಳೆ ಎರಡೂ ಬರಬಹುದು, ಊದುವವನ ಎರಡು ಕೈಗಳೂ ಪೈಪಿನ ಮೇಲಿರುತ್ತವೆ. ಕಿಲ್ಟ್ ತನ್ನ ಮಾನವನ್ನು ತಾನೇ ಕಾಪಾಡಿಕೊಳ್ಳಬೇಕು. ಬಹುಪಾಲು ಜನರಿಗೆ 13 ಔನ್ಸ್ ಸಾಕು. ಹತ್ತರ ಆಸುಪಾಸಿನದು ಬೆಚ್ಚನೆಯ ಊರುಗಳಿಗೆ ಸರಿ. ಆದರೆ ಪದೇ ಪದೇ ಇಸ್ತ್ರಿ ಬೇಡುತ್ತದೆ. ಪದವಿ ಪ್ರದಾನದ ಒಂದು ದಿನಕ್ಕೆಂದು ಬಾಡಿಗೆಗೆ ಪಡೆಯುವ ವಿದ್ಯಾರ್ಥಿಗೆ ಈ ಯಾವ ತಲೆನೋವೂ ಬೇಡ.

ಅಗ್ಗದ ದಾರಿಯೂ ಇದೆ. ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣದ, ಅಕ್ರಿಲಿಕ್‌ನ ಕಿಲ್ಟುಗಳು ಕೈಹೊಲಿಗೆಯ ಉಣ್ಣೆಯದಕ್ಕೆ ತೆರಬೇಕಾದ ನೂರಾರು ಪೌಂಡಿನ ಒಂದು ಪಾಲಿಗೇ ಸಿಗುತ್ತವೆ. ಪಾಕಿಸ್ತಾನದ ಸಿಯಾಲ್‌ಕೋಟ್ ನಗರದಿಂದ ಬ್ಯಾಗ್‌ಪೈಪುಗಳ ಜೊತೆಗೆ ಇಂಥ ಕಿಲ್ಟುಗಳೂ ಹೊರದೇಶಗಳಿಗೆ ಹೋಗುತ್ತವೆ. ಮನೆಯಲ್ಲೇ ಒಗೆಯಬಹುದೆಂಬ ಅನುಕೂಲವೇನೋ ಇದೆ. ನಮ್ಮ ಕಾನ್ವೆಂಟ್ ಶಾಲೆಗಳ ಚೌಕಳಿ ಸ್ಕರ್ಟು ಇದೇ ಮಿಶ್ರಣಗಳ ಬಳಗದ್ದು. ಭಾನುವಾರ ರಾತ್ರಿ ಅದರ ಪ್ಲೀಟುಗಳನ್ನು ಒಂದೊಂದಾಗಿ ಕೂರಿಸಿ ಇಸ್ತ್ರಿ ಮಾಡುವ ತಾಯಂದಿರನ್ನು ಕೇಳಿದರೆ ಅದರ ಗುಣಾವಗುಣ ಹೇಳಿಯಾರು. ಎರಡು ವರ್ಷಕ್ಕೆ ಗಿಡ್ಡವಾಗುವ ಉಡುಪಿಗೆ ಅದೇ ವಿವೇಕವೆಂದರೂ ತಪ್ಪಿಲ್ಲ.

ನಿಜವಾದ ಪೇಚಿಗೆ ಸಿಲುಕುವವರು ಕುಣಿಯುವ ಮಕ್ಕಳ ತಂದೆತಾಯಂದಿರು. ಡನೂನ್ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ಕೌವಲ್ ಕೂಟದ ನೃತ್ಯ ಸ್ಪರ್ಧೆಯ ಕನಸು ಕಾಣುವ ಹನ್ನೊಂದು ವರ್ಷದ ಹುಡುಗಿಗೆ, ಒಂಟಿ ಕಾಲಲ್ಲಿ ಜಿಗಿದು ತಿರುಗುವಾಗ ಜೊತೆಗೇ ಅರಳಿ ಜೊತೆಗೇ ಇಳಿಯುವ ಕಿಲ್ಟ್ ಬೇಕು. 16 ಔನ್ಸ್ ಆದರೆ ಎಳೆಯ ಸೊಂಟಕ್ಕೆ ಹೊರೆ. ಪಾಲಿಯೆಸ್ಟರಾದರೆ ತಿರುಗಿದ ಮೇಲೂ ನಿರಿಗೆ ಎಲ್ಲೆಲ್ಲೋ ಉಳಿಯುತ್ತದೆ. ಒಳ್ಳೆಯ ಉಣ್ಣೆಯದು ಕೊಂಡರೆ ಮಗು ಬೆಳೆಯುವ ವಯಸ್ಸು. ಇದಕ್ಕೆ ಹೊಲಿಗೆಯವರು ಕಂಡುಕೊಂಡ ದಾರಿಯೆಂದರೆ 11 ಅಥವಾ 13 ಔನ್ಸಿನ ಒಳ್ಳೆಯ ವರ್ಸ್ಟೆಡ್ ತಂದು, ಅಂಚಿನ ನಿಯಮವನ್ನು ಮುರಿದು, ಕೆಳಗೆ ಒಂದಷ್ಟು ಅಂಗುಲ ಒಳಮಡಿಕೆ ಬಿಡುವುದು. 16ರ ಬಟ್ಟೆಯಲ್ಲಿ ಹೀಗೆ ಮಡಿಸಿದರೆ ಅಂಚು ದಪ್ಪವಾಗಿ ಉಬ್ಬಿ ನಿಲ್ಲುತ್ತದೆ. ಮಧ್ಯಮ ತೂಕದ್ದು ತಡೆದುಕೊಳ್ಳುತ್ತದೆ. ಒಳಸುತ್ತಿನಲ್ಲೂ ಒಂದಿಷ್ಟು ಬಟ್ಟೆ ಉಳಿಸಿರುತ್ತಾರೆ. ಹುಡುಗಿ ಎತ್ತರವಾದ ಹಾಗೆ ಮಡಿಕೆ ಬಿಚ್ಚಿ ಇಳಿಸುತ್ತಾರೆ, ಸೊಂಟದ ಚರ್ಮದ ಪಟ್ಟಿಗಳನ್ನು ಈಚೆಗೆ ಸರಿಸಿ ಹೊಲಿಯುತ್ತಾರೆ. ಒದ್ದೆ ಬಟ್ಟೆ ಹಾಸಿ ಎಷ್ಟೇ ಒತ್ತಿ ಇಸ್ತ್ರಿ ಮಾಡಿದರೂ ಹಳೆಯ ಮಡಿಕೆಯ ಗೆರೆ ಪೂರ್ತಿ ಹೋಗುವುದಿಲ್ಲ. ಮೊಣಕಾಲ ಮೇಲೆ ಎರಡು ಬೆರಳಗಲದ ಆ ಪಟ್ಟಿ ಮಾತ್ರ ಬಿಸಿಲು ಕಾಣದೆ ಬೇರೆ ಬಣ್ಣದಲ್ಲಿ ಉಳಿದಿರುತ್ತದೆ.