ಅಡ್ಡಹೆಸರುಗಳ ಸೀಮೆಯಲ್ಲಿ

ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯು ನವಲಗುಂದ, ನರಗುಂದ, ಕುಳಗೇರಿ, ಕೆರೂರುಗಳನ್ನು ದಾಟಿ ಸಾಗುವದು. ಶಿಲಾಶಾಸನಗಳನ್ನು ನೋಡಬಯಸುವವರು ಕುಳಗೇರಿಯಲ್ಲಿ ಬಾದಾಮಿಯ ಕಡೆಗೆ ಹೊರಳುವರು. ಆದರೆ ಹೊರಳದೆ ನೆಟ್ಟಗೆ ಹೋಗುವವರಿಗೂ ಓದಲು ಶಾಸನಗಳುಂಟು. ಅಂಗಡಿಗಳ ಹಲಗೆಯ ಮೇಲಿರುವ ಅಡ್ಡಹೆಸರುಗಳೇ ಅವು.

ವ್ಯಾಕರಣಪ್ರಿಯರಿಗೆ ಇಲ್ಲಿ ಒಂದು ವಿನೋದವಿದೆ. 'ಬೆಲ್ಲದ', 'ಮಠದ' ಎಂಬಿವು ಷಷ್ಠೀ ವಿಭಕ್ತಿಯ ರೂಪಗಳು. ಮುಂದೆ ಬರಬೇಕಾದ 'ಮನೆಯವರು' ಎಂಬ ಮಾತನ್ನು ಕೇಳುವವನೇ ತುಂಬಿಕೊಳ್ಳಬೇಕು. 'ಹೊಸಮನಿ', 'ಹಳೇಮನಿ'ಗಳಲ್ಲಿ ಆ ಮನೆಯು ಆಡುಮಾತಿನ ರೂಪದಲ್ಲಿ ಉಳಿದಿರುವದು. 'ಮೆಣಸಿನಕಾಯಿ', 'ಉಳ್ಳಾಗಡ್ಡಿ' ಎಂಬ ಹೆಸರುಗಳನ್ನು ಕೇಳಿ ಪರಸ್ಥಳದವರು ನಗುವದುಂಟು. ಈ ನೆಲದ ಬೆಳೆಯನ್ನೂ ಪೇಟೆಯನ್ನೂ ಬಲ್ಲವರು ನಗಲಾರರು. 'ಕಮ್ಮಾರ' ಎಂಬುದು ಸಂಸ್ಕೃತದ 'ಕರ್ಮಾರ'ದ ತದ್ಭವ; ಆ ಶಬ್ದವು ಋಗ್ವೇದದಲ್ಲಿಯೇ ಬಂದಿದೆ. ಹಾಗೆಯೇ 'ಕುಂಬಾರ'ನು ಕುಂಭಕಾರನು, 'ಜೋಶಿ'ಯು ಜ್ಯೋತಿಷಿಯು.

ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಇವು ಅಧಿಕಾರದಿಂದ ಬಂದ ಹೆಸರುಗಳು. ಮೊದಲಿನ ಇಬ್ಬರು ಪರಗಣೆಯ ವತನದಾರರು. ಪಾಟೀಲನು ಊರಿನ ಮುಖ್ಯನು. ಕುಲಕರ್ಣಿಯು ಊರಿನ ಲೆಕ್ಕ ಬರೆಯುವವನು. ಮುಂಬಯಿ ಸರಕಾರದ 1950ರ ಕಾಯಿದೆಯು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. ಮೈಸೂರು ರಾಜ್ಯದ 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಅಧಿಕಾರ ಹೋಯಿತು, ಹೆಸರು ಉಳಿಯಿತು. ಇಂದು ಕುಲಕರ್ಣಿಯು ಯಂತ್ರಗಳನ್ನು ದುರಸ್ತಿಮಾಡುವನು, ಬಡಿಗೇರನು ಲೆಕ್ಕ ಬರೆಯುವನು. ಹೆಸರು ಪೂರ್ವಿಕರ ಕೆಲಸವನ್ನು ಹೇಳೀತೇ ಹೊರತು ಈಗಿನವನ ಯೋಗ್ಯತೆಯನ್ನು ಹೇಳಲಾರದು. ಹೆಸರು ಕೇಳಿ ಜಾತಿಯನ್ನು ಊಹಿಸಿ, ಬಂದವನಿಗೆ ಚಾಪೆ ಹಾಸಬೇಕೋ ಬೇಡವೋ ಎಂದು ನಿಶ್ಚಯಿಸುವದು ಕೇಳುವವನ ದೋಷವೇ ಸರಿ, ಹೆಸರಿನದಲ್ಲ.

ಇನ್ನು ಊರಿನಿಂದ ಬಂದ ಹೆಸರುಗಳು. ಮೈಸೂರು ಸೀಮೆಯಲ್ಲಿ ಊರು ಮೊದಲಕ್ಷರವಾಗಿ ಮುಂದೆ ನಿಲ್ಲುವದು; ಡಿ.ವಿ.ಜಿ.ಯವರ 'ಡಿ' ಎಂದರೆ ದೇವನಹಳ್ಳಿ. ಇಲ್ಲಿ ಅದು ಹಿಂದೆ ಬರುವದು. ಕವಿ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಇದರಲ್ಲಿ ವಿರೋಧವೇನೂ ಇಲ್ಲ. ಊರೊಳಗೆ ಎಲ್ಲರೂ ಆ ಊರಿನವರೇ ಆಗಿರಲು, ಊರ ಹೆಸರಿನಿಂದ ಯಾರನ್ನು ತಾನೇ ಗುರುತಿಸುವದು? ಬಿಟ್ಟುಬಂದವರನ್ನೇ ಜನರು ಬಿಟ್ಟ ಊರಿನಿಂದ ಕರೆಯುವರು.

ಈ ಮಾತಿನ ಅರ್ಥವು ದಾರಿ ಮುಗಿದು ಬಾಗಲಕೋಟೆ ಸೇರಿದಾಗ ಮನಸ್ಸಿಗೆ ನಾಟುವದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ್ದರಿಂದ ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಬಹುಭಾಗವು ಹಿನ್ನೀರಿನ ಪಾಲಾಯಿತು. ಜನರಿಗಾಗಿ ನವನಗರವೆಂಬ ಹೊಸ ಬಡಾವಣೆ ಎದ್ದಿತು. ಸುತ್ತಲಿನ ಹಳ್ಳಿಗಳೂ ನೆಲೆ ಬದಲಿಸಿದವು. ಮುಳುಗಿದ ಹಳ್ಳಿಯ ಹೆಸರನ್ನು ಹೊತ್ತ ಮನೆತನಕ್ಕೆ ಹೋಗಿ ನೋಡಲು ಆ ಸ್ಥಳವಿಲ್ಲ. ಆ ಹೆಸರೇ ಅದರ ಶಾಸನ.

ಕಲ್ಲಿನ ಶಾಸನವನ್ನು ಬೇಕಾದಾಗ ಓದಬಹುದು. ಹೆಸರಿನ ಹಿಂದಿನ ಕಥೆಯು ಹಿರಿಯರ ಬಾಯಲ್ಲಿ ಮಾತ್ರ ಇರುವದು. ಆದುದರಿಂದ ವಾಚಕರು ತಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಅಡ್ಡಹೆಸರು ಯಾವ ಊರಿನಿಂದ, ಯಾವ ಕೆಲಸದಿಂದ ಬಂದಿತೆಂಬುದನ್ನು ಮನೆಯ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡತಕ್ಕದ್ದು. ನಾಲ್ಕು ಸಾಲು ಸಾಕು.