ಬ್ಯಾರನ್ ಗೋಡೆಯ ಮೇಲಿನ ರಾಸ್ಪ್‌ಬೆರಿ ಪೈ

ನಮ್ಮ ಲ್ಯಾಬಿನಲ್ಲಿ ರಾಸ್ಪ್‌ಬೆರಿ ಪೈ ಕೈಕೊಟ್ಟರೆ ಎಲ್ಲರಿಗೂ ಗೊತ್ತಿರೋ ಔಷಧಿ ಒಂದೇ. ಎಸ್‌ಡಿ ಕಾರ್ಡ್ ತೆಗಿ, ಲ್ಯಾಪ್‌ಟಾಪಿಗೆ ಹಾಕು, ಮತ್ತೆ ಫ್ಲ್ಯಾಶ್ ಮಾಡು. ಬೋರ್ಡ್ ಎದ್ದು ಕೂರುತ್ತೆ, ಎಲ್ಲರೂ ಕ್ಯಾಂಟೀನಿಗೆ ಹೋಗ್ತಾರೆ. ಅದು ಯಾಕೆ ಬಿತ್ತು ಅನ್ನೋದು ಮಾತ್ರ ಗೊತ್ತಾಗೋದೇ ಇಲ್ಲ. ಕಾರಣ ಬರೆದಿಟ್ಟಿದ್ದ ಲಾಗ್ ಫೈಲುಗಳೂ ಕಾರ್ಡಿನ ಜೊತೆಗೇ ಅಳಿಸಿ ಹೋಗಿರುತ್ತವೆ.

ಹೋದ ಸೀಸನ್ನಿನಲ್ಲಿ ಈ ಔಷಧಿ ನಡೆಯದ ಜಾಗವೊಂದು ನನಗೆ ಸಿಕ್ಕಿತು. ಅದು ಅರಕಲಗೂಡು ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಬ್ಯಾರನ್.

ಬೇರೆ ಜಿಲ್ಲೆಯಿಂದ ಬಂದವರಿಗೆ ಒಂದು ಮಾತು. ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆಯುವವರು ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ಸಾಲು ಸಾಲಾಗಿ ನೇತುಹಾಕಿ, ಹೊರಗಿನಿಂದ ಸೌದೆ ಉರಿ ಕೊಟ್ಟು ಬೇಯಿಸುತ್ತಾರೆ. ಶಾಖ ಸುಮಾರು 90 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಶುರುವಾಗಿ ನಿಧಾನಕ್ಕೆ ಏರುತ್ತಾ, ಕೊನೆಗೆ 160ರ ಹತ್ತಿರ ಹೋಗಬೇಕು. ಐದಾರು ದಿನದ ಕೆಲಸ. ಎಲೆ ಹಳದಿ ಆಗೋ ಮೊದಲೇ ಶಾಖ ಏರಿದರೆ ಹಸಿರು ಹಾಗೇ ನಿಂತುಬಿಡುತ್ತೆ, ಮಧ್ಯದಲ್ಲಿ ಬಿದ್ದರೆ ಬಣ್ಣ ಕೆಡುತ್ತೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬಣ್ಣ ನೋಡಿಯೇ ಬೆಲೆ. ಹಾಗಾಗಿ ಸೀಸನ್ ಪೂರ್ತಿ ಮಾವ ರಾತ್ರಿ ಒಂದೊಂದು ಗಂಟೆಗೆ ಎದ್ದು ಬ್ಯಾರನ್ ಹತ್ತಿರ ಹೋಗಿ ಥರ್ಮಾಮೀಟರ್ ನೋಡ್ತಾರೆ. ಅವರಿಗೆ ಐವತ್ತು ದಾಟಿದೆ. ಸ್ವಲ್ಪ ನಿದ್ದೆ ಸಿಗಲಿ ಅಂತಲೇ ನಾವು ಆ ಗೋಡೆಗೆ ಬೋರ್ಡ್ ಹಾಕಿದ್ದು.

ಬೋರ್ಡ್ ಸೀನಿಯರ್‌ಗಳು ಬಿಟ್ಟುಹೋದ ಪೈ 3. ಒಳಗೆ ಡಿಎಸ್18ಬಿ20 ಸೆನ್ಸರ್, ಹೊರಗೆ ಗೋಡೆಗೆ ಬೋರ್ಡ್. ಬೋರ್ಡೇ ಒಂದು ವೈಫೈ ಹಾಟ್‌ಸ್ಪಾಟ್ ಕೊಡುತ್ತೆ, ಮಾವ ಮಂಚದ ಮೇಲಿಂದಲೇ ಮೊಬೈಲಿನಲ್ಲಿ ಶಾಖ ನೋಡಬಹುದು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ರಾತ್ರಿ ಮಾವನ ಫೋನ್: "ಏನ್ಲಾ ಇದು, ನೂರೆಂಬತ್ತೈದು ಅಂತ ತೋರಿಸ್ತೈತೆ? ಓಡೋಗಿ ನೋಡುದ್ರೆ ಒಳಗೆ ಹಂಗೇನೂ ಇಲ್ಲ. ಸೊಪ್ಪಿನ ವಾಸ್ನೆನೂ ಹಂಗಿಲ್ಲ. ಇದನ್ನ ನಂಬ್ಕೊಂಡು ನಾನು ಮಲಗಕ್ಕಾಯ್ತದಾ?"

ಬ್ಯಾರನ್ ತುಂಬಾ ಸೊಪ್ಪು ಇದೆ, ಉರಿ ನಡೀತಿದೆ. ಇಲ್ಲಿ ಕಾರ್ಡ್ ಅಳಿಸಿದರೆ ಮೂರು ದಿನದ ಶಾಖದ ಲೆಕ್ಕವೂ ಹೋಗುತ್ತೆ. ಬೆಳಗಿನ ಮೊದಲ ಬಸ್ಸಿಗೆ ಹಾಸನದಿಂದ ಹೊರಟೆ.

ದಾರಿಯಲ್ಲೇ ಮಾವ ಹೇಳಿದ ಸಂಖ್ಯೆ ತಲೆ ತಿನ್ನುತ್ತಿತ್ತು. 185 ಫ್ಯಾರನ್‌ಹೀಟ್ ಅಂದರೆ ಸರಿಯಾಗಿ 85 ಸೆಲ್ಸಿಯಸ್. ಆ ಸೆನ್ಸರಿನ ಡೇಟಾಶೀಟ್ ತೆಗೆದರೆ ಇದೇ 85 ಅಲ್ಲಿದೆ. ಸೆನ್ಸರಿಗೆ ಕರೆಂಟ್ ತಪ್ಪಿ ಮತ್ತೆ ಬಂದಾಗ, ಹೊಸದಾಗಿ ಅಳೆಯುವ ತನಕ ಅದರ ಮೆಮೊರಿಯಲ್ಲಿ ಇರೋದು 85. ಅಂದರೆ ಅದು ಶಾಖದ ಲೆಕ್ಕವೇ ಅಲ್ಲ, "ನಾನು ಈಗಷ್ಟೇ ಎದ್ದೆ" ಅಂತ ಸೆನ್ಸರ್ ಹೇಳೋ ರೀತಿ. ಹಾಗಾದರೆ ಕರೆಂಟ್ ಎಲ್ಲೋ ತಪ್ಪುತ್ತಿದೆ.

ಊರಲ್ಲಿ ಬೋರ್ಡಿಗೆ ಲಾಗಿನ್ ಆಗಿ ಮೊದಲು ಕರ್ನಲ್ ಲಾಗ್ ನೋಡಿದೆ. 'ಅಂಡರ್ ವೋಲ್ಟೇಜ್ ಡಿಟೆಕ್ಟೆಡ್' ಅನ್ನೋ ಸಾಲು ಮತ್ತೆ ಮತ್ತೆ ಬಂದಿತ್ತು. ಪೈ 3ರಲ್ಲಿ 5 ವೋಲ್ಟ್ ಲೈನು ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಈ ಸಾಲು ಬರುತ್ತೆ, ಕೆಂಪು ದೀಪವೂ ಆರುತ್ತೆ. ಆಮೇಲೆ ಥ್ರಾಟಲಿಂಗ್ ಸ್ಥಿತಿ ಕೇಳುವ ಕಮಾಂಡ್ ಕೊಟ್ಟೆ. ಹೆಕ್ಸ್‌ನಲ್ಲಿ 50005 ಅಂತ ಬಂತು. ಬಿಟ್ ಬಿಟ್ ಬಿಡಿಸಿದರೆ ಅರ್ಥ ಇಷ್ಟೇ: ವೋಲ್ಟೇಜ್ ಹಿಂದೆಯೂ ಬಿದ್ದಿತ್ತು, ಈಗಲೂ ಬಿದ್ದಿದೆ, ಅದಕ್ಕೇ ಸ್ಪೀಡ್ ಇಳಿಸಿದ್ದೀನಿ.

ಅಡಾಪ್ಟರ್ ಬದಲಿಸಿದೆ. ಅದೇ ಕಥೆ. ಉಳಿದಿದ್ದು ಕೇಬಲ್. ಮನೆಯ ಪ್ಲಗ್ ದೂರ ಅಂತ ಅಂಗಡಿಯವರು ಕೊಟ್ಟಿದ್ದ ಮೂರು ಮೀಟರಿನ ತೆಳು ಯುಎಸ್‌ಬಿ ಕೇಬಲ್ ಅದು. ಅದರೊಳಗಿನ 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.2 ಓಮ್ ರೆಸಿಸ್ಟೆನ್ಸ್. ಹೋಗಿ ಬರೋದಕ್ಕೆ ಆರು ಮೀಟರ್, ಅಂದರೆ 1.2 ಓಮ್. ಬೋರ್ಡ್ ಅರ್ಧ ಆಂಪಿಯರ್ ಎಳೆದರೂ 0.6 ವೋಲ್ಟ್ ತಂತಿಯಲ್ಲೇ ಖಾಲಿ. 5ರಲ್ಲಿ ಉಳಿಯೋದು 4.4. ಓಮನ ನಿಯಮ ಪಿಯುಸಿಯಲ್ಲಿ ಎಷ್ಟು ಸಲ ಬರೆದಿದ್ದೀವೋ! ಮಾವನ ನಿದ್ದೆ ಕೆಡಿಸಿದ್ದೂ ಅದೇ. 230 ವೋಲ್ಟಿನ ಎಕ್ಸ್‌ಟೆನ್ಶನ್ ಬಾಕ್ಸನ್ನು ಬ್ಯಾರನ್ ತನಕ ಎಳೆದು, ಮಳೆ ನೀರು ತಾಗದ ಹಾಗೆ ಸೂರಿನ ಕೆಳಗೆ ಇಟ್ಟು, 5 ವೋಲ್ಟಿನ ಕೇಬಲನ್ನು ಅರ್ಧ ಮೀಟರಿಗೆ ಇಳಿಸಿದೆವು. ಕೆಂಪು ದೀಪ ನಿಂತು ಉರಿಯಿತು. ಮತ್ತೆ 85 ಬರಲಿಲ್ಲ.

ಎರಡನೇ ತೊಂದರೆ ಹಿಡಿದಿದ್ದು ಮಾವ. ಗ್ರಾಫ್ ನೋಡುತ್ತಾ, "ನಾನು ಸೌದೆ ಹಾಕಿದ್ದು ಎರಡೂವರೆಗೆ. ಇಲ್ಲಿ ಒಂದೂವರೆಗೇ ಶಾಖ ಏರೈತಲ್ಲ" ಅಂದರು. ಆ ರಾತ್ರಿ ಒಂದು ಗಂಟೆ ಹೊತ್ತು ಕರೆಂಟ್ ಇರಲಿಲ್ಲ. ಪೈ 3ರಲ್ಲಿ ಬ್ಯಾಟರಿ ಮೇಲೆ ಓಡುವ ಗಡಿಯಾರ ಇಲ್ಲ. ಇಂಟರ್ನೆಟ್ ಇದ್ದರೆ ಸಮಯವನ್ನು ಅಲ್ಲಿಂದ ಕೇಳಿಕೊಳ್ಳುತ್ತೆ, ಇಲ್ಲದಿದ್ದರೆ ಕೊನೆಗೆ ಬರೆದಿಟ್ಟಿದ್ದ ಸಮಯದಿಂದಲೇ ಮುಂದುವರಿಯುತ್ತೆ. ಬ್ಯಾರನ್ ಹತ್ತಿರ ಇಂಟರ್ನೆಟ್ ಎಲ್ಲಿಂದ ಬರಬೇಕು? ಗ್ರಾಫ್ ಎಲ್ಲೂ ಕತ್ತರಿಸಿದ ಹಾಗೆ ಕಾಣಲಿಲ್ಲ, ಆದರೆ ಒಂದು ಗಂಟೆ ಕಳೆದುಹೋಗಿತ್ತು. ನಾಣ್ಯದ ಸೆಲ್ ಇರುವ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿದ ಮೇಲೆ ಸರಿಹೋಯಿತು. ಕರೆಂಟ್ ಥಟ್ಟನೆ ಹೋದಾಗ ಕಾರ್ಡ್ ಕೆಡದಿರಲಿ ಅಂತ ಓವರ್‌ಲೇ ಫೈಲ್ ಸಿಸ್ಟಮ್ ಕೂಡ ಆನ್ ಮಾಡಿ, ಶಾಖದ ಲೆಕ್ಕವನ್ನು ಬೇರೆ ಪೆನ್‌ಡ್ರೈವಿಗೆ ಬರೆಯುವಂತೆ ಮಾಡಿದೆ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರ ಹತ್ತಿರವೂ ಒಂದೊಂದು ಕಥೆ ಇತ್ತು. ಚನ್ನರಾಯಪಟ್ಟಣದ ಗೆಳೆಯನ ತೆಂಗಿನ ತೋಟದ ಬೋರ್ಡ್ ಬೂಟ್ ಆಗುತ್ತಿರಲಿಲ್ಲ, ಹಸಿರು ದೀಪ ಏಳೇಳು ಸಲ ಮಿಣುಕುತ್ತಿತ್ತು. ಏಳು ಅಂದರೆ ಕರ್ನಲ್ ಫೈಲ್ ಸಿಗ್ತಿಲ್ಲ ಅಂತ, ನಾಲ್ಕು ಅಂದರೆ ಸ್ಟಾರ್ಟ್ ಫೈಲ್ ಸಿಗ್ತಿಲ್ಲ ಅಂತ. ಬೂಟ್ ಪಾರ್ಟಿಷನ್ ಯಾವ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತೆ, ಆ ಒಂದು ಫೈಲ್ ಹಾಕಿದರೆ ಸಾಕಾಯಿತು. ಹೊಳೆನರಸೀಪುರದವನ ಹತ್ತಿರ ಯುಎಸ್‌ಬಿ ಸೀರಿಯಲ್ ಕೇಬಲ್ ಇದೆ. ಬೋರ್ಡಿನ 6, 8, 10ನೇ ಪಿನ್ನುಗಳಿಗೆ ಹಾಕಿ, ಸೀರಿಯಲ್ ಕನ್ಸೋಲ್ ಆನ್ ಇದ್ದರೆ, 115200 ವೇಗದಲ್ಲಿ ಕೇಳಿದರೆ, ಮಾನಿಟರ್ ಇಲ್ಲದೆಯೂ ಬೋರ್ಡ್ ತನ್ನ ಬೂಟಿನ ಕಥೆ ಪೂರ್ತಿ ಹೇಳುತ್ತೆ. ಕೇಬಲ್ 3.3 ವೋಲ್ಟಿನದ್ದೇ ಇರಬೇಕು, ಅಷ್ಟೆ.

ಮಾನಿಟರ್ ಇಲ್ಲದೆ ದೂರದಿಂದ ರಿಪೇರಿ ಮಾಡೋದು ಹಾಸನಕ್ಕೆ ಹೊಸದಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯನ್ನು ಬಸ್ಸಿನಿಂದ ನೋಡಿರ್ತೀರಿ. 1983ರ ಆಗಸ್ಟ್ ಕೊನೆಯಲ್ಲಿ ಹಾರಿಸಿದ ಇನ್ಸಾಟ್-1ಬಿ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ತಯಾರಿಸಿದ ಕಂಪನಿಯವರೂ ನಮ್ಮವರೂ ಸೇರಿ ನೆಲದಿಂದಲೇ ಕಮಾಂಡ್ ಕಳಿಸುತ್ತಾ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬಿಚ್ಚಿಸಿದರು. ಭೂಸ್ಥಿರ ಕಕ್ಷೆ ಇರೋದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಕಾರ್ಡ್ ತೆಗೆದು ಫ್ಲ್ಯಾಶ್ ಮಾಡೋಕೆ ಯಾರು ಹೋಗ್ತಾರೆ? ಕೆಳಗೆ ಬರೋ ಸಂಖ್ಯೆಗಳನ್ನು ಓದಿ, ಯಾವುದು ನಿಜ, ಯಾವುದು ಸೆನ್ಸರಿನ ಸುಳ್ಳು ಅಂತ ಯೋಚಿಸೋದೊಂದೇ ದಾರಿ.

ಬ್ಯಾರನ್ನಿನಲ್ಲಿ ಆ ಸುಳ್ಳನ್ನು ಮೊದಲು ಹಿಡಿದಿದ್ದು ವಾಸನೆ. ಲಾಗ್ ಫೈಲ್ ಯಾವಾಗ ಬರೆದಿದೆಯೋ, ಅದಕ್ಕಿಂತ ಮೊದಲಿನ ಮೂವತ್ತು ಸೀಸನ್ನಿನ ಲೆಕ್ಕ ಮಾವನ ಮೂಗಿನಲ್ಲಿತ್ತು.

ಕೊನೆಗೆ ಒಂದು ಕೆಲಸ ಉಳಿದಿತ್ತು. ಪ್ರತಿ ಸಲ ನಾನೇ ಬಸ್ ಹತ್ತಿ ಹೋಗೋಕಾಗಲ್ಲ. ಹಾಗಾಗಿ ಒಂದು ಹಾಳೆ ಬರೆದು ಬೋರ್ಡಿನ ಪಕ್ಕ ಅಂಟಿಸಿದೆ. ಇಂಗ್ಲಿಷ್ ಮೀಡಿಯಮ್ಮಿನವನಿಗೆ ಅದು ಕಷ್ಟದ ಕೆಲಸವೇ. 'ಅಂಡರ್ ವೋಲ್ಟೇಜ್'ಗೆ ಏನು ಬರೀಲಿ ಅಂತ ಕೂತಿದ್ದಾಗ ಮಾವನೇ ಹೇಳಿದರು: "ಕರೆಂಟ್ ಸಾಲ್ತಿಲ್ಲ ಅಂತ ಬರಿ ಕಣೋ, ನಂಗೆ ಗೊತ್ತಾಯ್ತದೆ." ಹಾಳೆಯಲ್ಲಿ ಈಗ ಮೂರೇ ಸಾಲು ಇವೆ. ಕೆಂಪು ದೀಪ ಆರಿ ಆರಿ ಹತ್ತಿದರೆ ಕರೆಂಟ್ ಸಾಲ್ತಿಲ್ಲ, ಕೇಬಲ್ ನೋಡಿ. 185 ಅಂತ ಬಂದರೆ ಹೆದರಬೇಡಿ, ಸೆನ್ಸರ್ ಈಗಷ್ಟೇ ಎದ್ದಿದೆ, ಹಳೇ ಥರ್ಮಾಮೀಟರ್ ನೋಡಿ. ಏನೇ ಆದರೂ ಕಾರ್ಡ್ ಕೀಳಬೇಡಿ, ಫೋನ್ ಮಾಡಿ.

ಅದಾದ ಮೇಲೆ ಆ ಬ್ಯಾರನ್ನಿನಿಂದ ರಾತ್ರಿ ಹೊತ್ತು ಫೋನ್ ಬಂದಿಲ್ಲ.