ಪುಣ್ಯಕೋಟಿ, ಮೊವಾನಾ, ಮತ್ತೆ ನನ್ನ ಪಿತ್ತಕೋಶದ ಕಲ್ಲು

ಹೋದ ತಿಂಗಳು ನನಗೆ ಪಿತ್ತಕೋಶದ ಆಪರೇಷನ್ ಆಯ್ತಲ್ಲ, ನಿಮ್ಮಲ್ಲಿ ಎಷ್ಟೋ ಜನ ಬಂದು ಮಾತಾಡಿಸ್ಕೊಂಡು ಹೋದ್ರಿ. ಎಳನೀರು ತಂದವರಿಗೆ, ಗಂಜಿ ಮಾಡಿ ಕಳಿಸಿದವರಿಗೆ ಎಲ್ಲಾರಿಗೂ ಸೇರಿಸಿ ಈಗ ಹೇಳ್ತೀನಿ, ಆಪರೇಷನ್ನಿಗಿಂತ ಕಷ್ಟ ಆಗಿದ್ದು ಅದಕ್ಕೆ ಮುಂಚಿನ ಹತ್ತು ದಿವಸ.

ನನ್ನ ಮೊಮ್ಮಗಳು ಪುಟ್ಟಿಗೆ ಐದು ವರ್ಷ. ಸಂಪಿಗೆ ರಸ್ತೇಲಿ ಅಷ್ಟು ಜನ, ಆಟೋ, ಹೂವಿನ ಬುಟ್ಟಿಗಳ ಮಧ್ಯೆ ನನ್ನ ಕೈ ಕೊಸರಿಕೊಂಡು ಓಡೋ ಹುಡುಗಿ, ರಾತ್ರಿ ಆದ್ರೆ ನನ್ನ ಸೆರಗಿನ ತುದೀನ ಬೆರಳಿಗೆ ಸುತ್ಕೊಂಡೇ ಮಲಗಬೇಕು. ಅಜ್ಜಿ ಮೂರು ರಾತ್ರಿ ಆಸ್ಪತ್ರೇಲಿರ್ತಾಳೆ ಅಂತ ಕಿವಿಗೆ ಬಿದ್ದಿದ್ದೇ ತಡ, ಊಟ ಸೇರಲಿಲ್ಲ. ಸ್ಕೂಲಿಗೆ ಹೊರಡೋವಾಗ "ನಾನು ಬರೋ ಹೊತ್ತಿಗೆ ಇರ್ತೀಯಾ?" ಅಂತ ಮೂರು ಮೂರು ಸಲ ಕೇಳೋಳು.

"ಒಂದು ಒಳ್ಳೇ ಕಾರ್ಟೂನ್ ಸಿನಿಮಾ ತೋರಿಸಮ್ಮ, ಧೈರ್ಯ ಬರತ್ತೆ" ಅಂದ ಮಗ. ಅವನು ಸುಮ್ಮನೆ ಹೇಳಿದ್ದಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಜಪಾನಿನವರ ಜಂಗಲ್ ಬುಕ್ ಹಿಂದೀಲಿ ಬರ್ತಿತ್ತು, ನೆನಪಿದೆಯಾ? ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಆ ದನಿ ಕೇಳಿದ್ರೆ ಇವನು ಮಂಚದ ಕೆಳಗೆ. ಗುಲ್ಜಾರ್ ಬರೆದ ಆ ಟೈಟಲ್ ಹಾಡು ಬಂದ್ರೆ ಮಾತ್ರ ಹೊರಗೆ. ಕೊನೆಕೊನೆಗೆ ಹುಲಿ ಬಂದ್ರೂ ಅದೇ ಹಾಡು ಗುನುಗ್ತಾ ಮಂಚದ ಮೇಲೇ ಕೂತಿರೋನು.

ಸರಿ ಅಂತ ನಾನು ಪುಣ್ಯಕೋಟಿ ಹಾಕಿಸಿದೆ. 2020ರಲ್ಲಿ ಬಂದ ಸಂಸ್ಕೃತದ ಅನಿಮೇಷನ್ ಸಿನಿಮಾ. ರವಿಶಂಕರ್ ಅನ್ನೋರು ಜನರ ಹತ್ರ ದುಡ್ಡು ಕೂಡಿಸಿ ಮಾಡಿದ್ದು, ಸಂಗೀತ ಇಳಯರಾಜ ಅವರದು. ಕಥೆ ನಮ್ಮ ಗೋವಿನ ಹಾಡಿಂದೇ. ಮಗೂಗೆ ಸಂಸ್ಕೃತ ಎಲ್ಲಿಂದ ಬರಬೇಕು, ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ. ಹುಲಿಗೆ ಮಾತು ಕೊಟ್ಟ ಹಸು ಕರೂನ ಬಿಟ್ಟು ಹೊರಡೋ ಹೊತ್ತಿಗೆ ಪುಟ್ಟಿ ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದ್ಲು.

"ಅಜ್ಜೀ, ಆಸ್ಪತ್ರೇಲಿ ಹುಲಿ ಎಲ್ಲಿರತ್ತೆ?"

ನನ್ನ ಎದೆ ಧಸಕ್ ಅಂತು. ರಿಮೋಟ್ ತಗೊಂಡು ಟಿವಿ ಆರಿಸಿಬಿಟ್ಟೆ. ಬುದ್ಧಿ ಇಲ್ಲದ ಮುದುಕಿ ನಾನು, ಹೋಗಿ ಹೋಗಿ ಅದೇ ಕಥೆ ತೋರಿಸಬೇಕಿತ್ತಾ!

ಮಾರನೇ ಶನಿವಾರ ಸೊಸೆ ಮೊವಾನಾ ಹಾಕಿದ್ಲು. 2016ರ ಡಿಸ್ನಿ ಸಿನಿಮಾ. ಇಂಗ್ಲಿಷ್ ಹಾಡು, ನನಗೆ ಅರ್ಧ ಅರ್ಥ ಆಗಲ್ಲ. ಆದ್ರೆ ಆ ಹುಡುಗಿಗೆ ಒಬ್ಬಳು ಅಜ್ಜಿ ಇದಾಳೆ ಕಣ್ರೀ, ತಾಲಾ ಅಂತ, ಸಮುದ್ರದ ದಡದಲ್ಲಿ ಒಬ್ಬಳೇ ಕುಣೀತಾಳೆ. ನೋಡಿ ಖುಷಿ ಆಯ್ತು. ಮೊದಲನೇ ಸಲ ಹುಡುಗಿ ದೋಣಿ ತಗೊಂಡು ಹೊರಟಾಗ ಅಲೆಗೆ ದೋಣಿ ಮಗುಚಿ, ಹವಳದ ಬಂಡೇಲಿ ಕಾಲು ಸಿಕ್ಕಿಹಾಕ್ಕೊಂಡು, ಹೆದರಿ ವಾಪಸ್ ಬರ್ತಾಳೆ. ಪುಟ್ಟಿಗೆ ಅದೇ ಇಷ್ಟ. "ಅವಳಿಗೂ ಭಯ ಆಯ್ತು" ಅಂತ ಎರಡು ಸಲ ಹೇಳಿದ್ಲು.

ಆಮೇಲೆ ಆ ಅಜ್ಜಿ ಹಾಸಿಗೆ ಹಿಡಿದ್ಲು. ನನ್ನ ಕೈ ರಿಮೋಟಿಗೆ ಹೋಯ್ತು. ಪುಟ್ಟಿ ಕೈ ಹಿಡಕೊಂಡ್ಲು, "ಆರಿಸ್ಬೇಡ. ಅಜ್ಜಿ ಸತ್ತೋದ್ಲಾ?"

ಇಲ್ಲ ಕಂದಾ, ನಿದ್ದೆ ಮಾಡ್ತಿದಾಳೆ ಅನ್ನೋ ಮಾತು ಬಾಯಿಗೆ ಬಂದಿತ್ತು. ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮಮ್ಮ ಹೆರಿಗೆಗೆ ಹೋದೋಳು ತಿರುಗಿ ಬರಲಿಲ್ಲ. ಊರಿಗೆ ಹೋಗಿದಾಳೆ ಅಂದಿದ್ರು ಮನೆಯವರು. ಎಷ್ಟು ತಿಂಗಳು ಬಾಗಿಲು ನೋಡಿದೀನೋ. ಆಪರೇಷನ್ ಅಂದ್ರೆ ನನಗೂ ಹೊಟ್ಟೇಲಿ ತಣ್ಣಗಾಗತ್ತೆ, ಅದನ್ನ ಮನೇಲಿ ಯಾರಿಗೂ ಹೇಳಿರಲಿಲ್ಲ.

"ಹೂಂ ಪುಟ್ಟಿ, ಸತ್ತೋದ್ಲು" ಅಂದೆ.

ಅಳ್ತಾಳೆ ಅಂದ್ಕೊಂಡೆ. ಅಳಲಿಲ್ಲ. ಆ ಅಜ್ಜಿ ನೀರಲ್ಲಿ ಹೊಳೆಯೋ ತೊರಕೆ ಮೀನಾಗಿ ಮೊಮ್ಮಗಳ ದೋಣಿಗೆ ದಾರಿ ತೋರಿಸೋದನ್ನ ಬಾಯಿ ತೆರ್ಕೊಂಡು ನೋಡಿದ್ಲು. ಸಿನಿಮಾ ಮುಗಿದ ಮೇಲೆ, "ನಿನಗೂ ಹಂಗೇ ಆಗತ್ತಾ?" ಅಂದ್ಲು.

"ನನಗೆ ಬರೀ ಕಲ್ಲು ತೆಗೆಯೋದು. ಬೇಗ ಮನೆಗೆ ಕಳಿಸ್ತೀವಿ ಅಂದಿದಾರೆ ಡಾಕ್ಟ್ರು. ನನಗೂ ಸ್ವಲ್ಪ ಭಯ ಇದೆ."

"ನಿನಗೂನಾ!" ಅಂದವಳು ನನ್ನ ಮುಖಾನೇ ನೋಡಿದ್ಲು. ಆಮೇಲೆ ಕೇಳಿದ್ಲು, "ಅವತ್ತು ಹಸೂನ ಹುಲಿ ತಿಂತಾ?"

ಆಗ ಹೊಳೀತು ನೋಡಿ ನನ್ನ ತಪ್ಪು. ಅಳ್ತಾಳೆ ಅಂತ ಅರ್ಧಕ್ಕೇ ಆರಿಸಿದ್ದೆ. ಹಾಗಾಗಿ ಒಂದು ವಾರ ಪೂರ್ತಿ ಅವಳ ಪಾಲಿಗೆ ಆ ಹಸು ಹುಲಿ ಹತ್ರ ಹೋಗ್ತಾನೇ ಇತ್ತು! ಉಳಿದ ಹಾಡನ್ನ ನಾನೇ ಹಾಡಿದೆ. ರಾಗ ಅಲ್ಲಲ್ಲಿ ತಪ್ಪಿತು, ಕೊನೇಲಿ ಹುಲಿ ಪ್ರಾಣ ಬಿಡೋ ನುಡಿ ಹತ್ರ ನನ್ನ ಗಂಟಲೂ ಕಟ್ಟಿತು. ಅದನ್ನ ಬಿಡಲಿಲ್ಲ. "ಪಾಪ ಹುಲಿ" ಅಂದ್ಲು, ಅಷ್ಟೇ. ಆಸ್ಪತ್ರೆಗೆ ಹೋಗೋ ಮುಂಚಿನ ರಾತ್ರಿ ತಾನೇ ಪುಣ್ಯಕೋಟಿ ಹಾಕಿಸ್ಕೊಂಡ್ಲು. ಕರು ಬಿಟ್ಟು ಹೊರಡೋ ಕಡೆ ನನ್ನ ಹೆಬ್ಬೆರಳು ಗಟ್ಟಿಯಾಗಿ ಹಿಡಕೊಂಡ್ಲು, ಕಣ್ಣು ಮುಚ್ಚಲಿಲ್ಲ. ಮಲಗೋವಾಗ ನನ್ನ ಹಳೇ ವಾಯಿಲ್ ಸೀರೆ ಒಂದನ್ನ ಬೀರುವಿಂದ ತೆಗೆಸಿ ದಿಂಬಿನ ಕೆಳಗಿಟ್ಕೊಂಡ್ಲು.

ಮೂರು ರಾತ್ರಿ ಆ ಸೀರೆ ಜೊತೆ ಮಲಗಿದ್ಲಂತೆ. ಎರಡನೇ ರಾತ್ರಿ ಅತ್ತಳು ಅಂತ ಸೊಸೆ ಆಮೇಲೆ ಹೇಳಿದ್ಲು. ಇರಲಿ, ನಾನೂ ಅತ್ತಿದ್ದೆ.

ಡಿಸ್ಚಾರ್ಜ್ ದಿನ ಇನ್ಷೂರೆನ್ಸ್ ಕಾಗದ ಬರೋ ಹೊತ್ತಿಗೆ ಸಂಜೆ ಆಗಿತ್ತು. ಆಟೋ ಇಳಿದ್ರೆ ಗೇಟಲ್ಲೇ ನಿಂತಿದಾಳೆ, ಸೊಂಟದ ಮೇಲೆ ಕೈ ಇಟ್ಕೊಂಡು. "ಮಧ್ಯಾಹ್ನ ಅಂದಿದ್ದೆ ನೀನು." ಹೊಟ್ಟೆ ಹಿಡಕೊಂಡು ನಕ್ಕೆ, ಹೊಲಿಗೆ ನೋಯ್ತು. ತೆಗೆದ ಕಲ್ಲುಗಳನ್ನ ಒಂದು ಪುಟ್ಟ ಡಬ್ಬೀಲಿ ಹಾಕಿ ಕೊಟ್ಟಿದ್ರು. ಮೊವಾನಾ ಹೊತ್ಕೊಂಡು ಹೋಗ್ತಾಳಲ್ಲ, ತೆ ಫೀತಿ ದೇವಿಯ ಹೃದಯದ ಕಲ್ಲು, ಹಸಿರಾಗಿ ಹೊಳೆಯತ್ತಲ್ಲ, ಅದರ ಥರ ಇರತ್ತೆ ಅಂತ ಕಾದಿದ್ದಳೋ ಏನೋ. ಡಬ್ಬಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿ ಮೂತಿ ಸೊಟ್ಟ ಮಾಡಿದ್ಲು.

"ಇಷ್ಟೇನಾ? ಹೊಳೆಯೋದೇ ಇಲ್ಲ."